ಆಪತ್ಕಾಲದಲ್ಲಿ ಧರ್ಮಸಭೆ: ಕಾನೂನಿನ ರಕ್ಷಣೆಯ ಪ್ರಶ್ನೆ

ಧರ್ಮವು ಮನುಷ್ಯನ ಅಂತರಂಗಕ್ಕೆ ಸಂಬಂಧಿಸಿದ್ದು ಎಂಬ ಮಾತು ಎಷ್ಟು ನಿಜವೋ, ಅದು ಹಲವರು ಕೂಡಿ ಬಾಳುವ ಬಾಳು ಎಂಬ ಮಾತೂ ಅಷ್ಟೇ ನಿಜ. ಶರಣ ಪರಂಪರೆಯಲ್ಲಿ ಈ ಎರಡು ಮುಖಗಳೂ ಸ್ಪಷ್ಟವಾಗಿ ಕಾಣುತ್ತವೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವ ಭಕ್ತನಿಗೆ ಗುಡಿ ಬೇಡ, ಪೂಜಾರಿ ಬೇಡ, ಜನಸಂದಣಿಯೂ ಬೇಡ. ಮನೆಯ ಒಂದು ಮೂಲೆಯೇ ಸಾಕು. ಆದರೆ ಅದೇ ಭಕ್ತನಿಗೆ ಶಿವಾನುಭವ ಗೋಷ್ಠಿ ಬೇಕು, ಜಂಗಮಸೇವೆ ಬೇಕು, ಕುಲಭೇದವೆಣಿಸದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ದಾಸೋಹ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಕ್ರಾಂತಿಯಲ್ಲಿ ಏಕಾಂತದ ಸಾಧನೆಗೆ ಎಷ್ಟು ಸ್ಥಾನವಿತ್ತೋ, ಬೇರೆ ಬೇರೆ ಕಾಯಕದವರು ಒಂದೆಡೆ ಕೂಡಿ ಮಾತನಾಡಿದ್ದಕ್ಕೂ ಅಷ್ಟೇ ಸ್ಥಾನವಿತ್ತು. ಆದುದರಿಂದ ಜನರು ಕೂಡಬಾರದೆಂಬ ರಾಜಾಜ್ಞೆ ಹೊರಟಾಗ ಅದು ಧರ್ಮದ ಹೊರ ಅಂಚನ್ನಷ್ಟೇ ಮುಟ್ಟಿತೆಂದು ತಿಳಿಯುವಂತಿಲ್ಲ; ಧರ್ಮಜೀವನದ ಅರ್ಧ ಭಾಗವನ್ನೇ ಅದು ಮುಟ್ಟುತ್ತದೆ.

ಅಂಥ ಆಜ್ಞೆಯೊಂದು 2020ನೆಯ ಇಸವಿಯ ಮಾರ್ಚ್ 24ರಂದು ಇಡೀ ಭಾರತಕ್ಕೆ ಅನ್ವಯವಾಗುವಂತೆ ಹೊರಟಿತು. ಕೊರೊನಾ ಸಾಂಕ್ರಾಮಿಕದ ಕಾರಣದಿಂದ ಕೇಂದ್ರ ಗೃಹ ಮಂತ್ರಾಲಯವು ಹೊರಡಿಸಿದ ಆ ಮಾರ್ಗಸೂಚಿಯಲ್ಲಿ ಎಲ್ಲ ಪೂಜಾಸ್ಥಳಗಳನ್ನು ಸಾರ್ವಜನಿಕರಿಗೆ ಮುಚ್ಚತಕ್ಕದ್ದೆಂದೂ, ಯಾವ ವಿನಾಯಿತಿಯೂ ಇಲ್ಲದೆ ಧಾರ್ಮಿಕ ಸಮಾವೇಶಗಳನ್ನು ನಿಷೇಧಿಸಲಾಗಿದೆಯೆಂದೂ ಹೇಳಲಾಗಿತ್ತು. ನಾಡಿನ ಜಾತ್ರೆಗಳು ನಿಂತವು. ತೇರುಗಳು ಮನೆ ಬಿಟ್ಟು ಹೊರಡಲಿಲ್ಲ. ಪುರಾಣ ಪ್ರವಚನಗಳು ಮೌನವಾದವು. ಪ್ರಸಾದ ನಿಲಯಗಳ ವಿದ್ಯಾರ್ಥಿಗಳು ತಂತಮ್ಮ ಊರುಗಳಿಗೆ ಮರಳಿದರು. ಜನರ ಪ್ರಾಣ ಉಳಿಸುವ ಸಲುವಾಗಿ ಬಹುಮಟ್ಟಿಗೆ ಎಲ್ಲ ಮಠಮಾನ್ಯಗಳೂ ಇದನ್ನು ಮನಃಪೂರ್ವಕವಾಗಿ ಒಪ್ಪಿ ನಡೆದವು. ಆ ಗಂಡಾಂತರ ಕಳೆದುಹೋಗಿದೆ. ಆದರೆ ಅದು ಎತ್ತಿದ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ: ಸರಕಾರವು ಆಪತ್ತನ್ನು ಘೋಷಿಸಿದ ಕಾಲದಲ್ಲಿ ಧರ್ಮಸಭೆಗೆ ಕಾನೂನಿನ ರಕ್ಷಣೆ ಇರಬೇಕೆ? ಇರಬೇಕಾದರೆ ಅದು ಎಷ್ಟು, ಯಾವ ರೀತಿಯದು? ಮುಂದಿನ ಆಪತ್ತು ಬರುವ ಮುನ್ನ, ಮನಸ್ಸು ಶಾಂತವಾಗಿರುವಾಗಲೇ ಇದನ್ನು ವಿಚಾರಿಸುವುದು ಯುಕ್ತ.

ಸಂವಿಧಾನದ ಮಾತು

ಭಾರತ ಸಂವಿಧಾನದ 25ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ತನ್ನ ಅಂತಃಸಾಕ್ಷಿಯಂತೆ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ನೀಡಿದೆ. 26ನೆಯದು ಧಾರ್ಮಿಕ ಪಂಗಡಗಳಿಗೆ ತಮ್ಮ ಸಂಸ್ಥೆಗಳನ್ನು ಸ್ಥಾಪಿಸುವ ಮತ್ತು ಧರ್ಮದ ವಿಷಯದಲ್ಲಿ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಅಧಿಕಾರ ಕೊಟ್ಟಿದೆ. ಮಠಗಳು ಶಾಲೆ, ಪ್ರಸಾದ ನಿಲಯಗಳನ್ನು ನಡೆಸುವುದಕ್ಕೂ ಇದೇ ಬುನಾದಿ. ಆದರೆ ಈ ಎರಡು ಅನುಚ್ಛೇದಗಳೂ ಆರಂಭದಲ್ಲಿಯೇ ಒಂದು ಎಲ್ಲೆಯನ್ನು ಹಾಕಿಕೊಂಡಿವೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟೇ ಈ ಸ್ವಾತಂತ್ರ್ಯ. ಅಂದಮೇಲೆ ರೋಗ ಹಬ್ಬುವ ಕಾಲದಲ್ಲಿ ಜಾತ್ರೆಯನ್ನು ತಡೆಯುವ ಅಧಿಕಾರ ಸರಕಾರಕ್ಕೆ ಇಲ್ಲವೆಂದು ಯಾರೂ ವಾದಿಸುವಂತಿಲ್ಲ. ಆ ಎಲ್ಲೆಯನ್ನು ಎಳೆದವರು ಸಂವಿಧಾನ ಕರ್ತೃಗಳೇ.

ಎಲ್ಲೆಯೊಳಗಣ ಧರ್ಮ ಯಾವುದು ಎಂಬುದಕ್ಕೆ ಕನ್ನಡ ನೆಲದಿಂದಲೇ ಹೊರಟ ಮೊಕದ್ದಮೆಯೊಂದು ಉತ್ತರ ಕೊಟ್ಟಿತು. ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮವೆಂದರೆ ಬರಿಯ ನಂಬಿಕೆಯಷ್ಟೇ ಅಲ್ಲ, ಅದಕ್ಕೆ ಅಂಗಭೂತವಾದ ಆಚರಣೆ, ವಿಧಿ, ಆಹಾರನಿಯಮಗಳೂ ಅದರ ಭಾಗವಾಗಬಲ್ಲವು ಎಂದು ತೀರ್ಮಾನಿಸಿತು. ಆಗ ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿತ್ತು. ಈ ತೀರ್ಪಿನ ಬೆಳಕಿನಲ್ಲಿ ನೋಡಿದರೆ, ಮನೆಯಲ್ಲಿ ಕುಳಿತು ದೇವರನ್ನು ನೆನೆಯಲು ಯಾರೂ ಅಡ್ಡಿ ಮಾಡಿಲ್ಲವಲ್ಲ ಎಂಬ ಸಮಾಧಾನದ ಮಾತು ಪೂರ್ಣ ಉತ್ತರವಾಗಲಾರದು. ಇಷ್ಟಲಿಂಗಧಾರಿಗೆ ಆ ಮಾತು ಅರ್ಧ ಸಾಕಾದೀತು. ಆದರೆ ಶುಕ್ರವಾರದ ಸಾಮೂಹಿಕ ನಮಾಜು ಧರ್ಮವಿಧಿಯಾಗಿರುವ ಮುಸಲ್ಮಾನನಿಗೆ, ಗುರುವಿನ ಕೈಯಿಂದಲೇ ಪರಮಪ್ರಸಾದ ಸ್ವೀಕರಿಸಬೇಕಾದ ಕ್ರೈಸ್ತನಿಗೆ, ಸಂಗತ್ ಪಂಗತ್‌ಗಳೇ ಉಸಿರಾದ ಸಿಖ್ಖನಿಗೆ ಅದು ಸಾಲದು.

ಎರಡು ಬಗೆಯ ಆಪತ್ತು

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ಸಂವಿಧಾನದ 352ನೆಯ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಗಳು ಘೋಷಿಸುವ ತುರ್ತು ಪರಿಸ್ಥಿತಿ ಒಂದು. ಸಾಂಕ್ರಾಮಿಕ ರೋಗ, ನೆರೆ, ಭೂಕಂಪಗಳ ಕಾಲದಲ್ಲಿ ಸಾಮಾನ್ಯ ಕಾಯಿದೆಗಳ ಮೇರೆಗೆ ಸರಕಾರ ಕೈಗೊಳ್ಳುವ ವಿಪತ್ತು ನಿರ್ವಹಣೆ ಇನ್ನೊಂದು. 1975ರ ಜೂನ್ 25ರಂದು ಘೋಷಿತವಾದದ್ದು ಮೊದಲನೆಯ ಬಗೆಯದು. 2020ರಲ್ಲಿ ಬಂದದ್ದು ಎರಡನೆಯದು. ಆಗ 352ರ ಘೋಷಣೆ ಆಗಲಿಲ್ಲ, ಮೂಲಭೂತ ಹಕ್ಕುಗಳು ಕಾಗದದ ಮೇಲೆ ಪೂರ್ಣವಾಗಿ ಜೀವಂತವಾಗಿದ್ದವು.

1975ರ ಅನುಭವ ಕಹಿಯಾದದ್ದು. ಆ ವರ್ಷದ ಜುಲೈ 4ರಂದು ಸರಕಾರವು 26 ಸಂಘಟನೆಗಳನ್ನು ನಿಷೇಧಿಸಿತು. ಅವುಗಳಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘ, ಜಮಾತೆ ಇಸ್ಲಾಮಿ, ಆನಂದ ಮಾರ್ಗ ಈ ಮೂರೂ ಇದ್ದವು. ಒಂದಕ್ಕೊಂದು ಎಳ್ಳಷ್ಟೂ ಹೊಂದಿಕೆಯಿಲ್ಲದ ಈ ಸಂಘಟನೆಗಳ ಮೇಲೆ ಒಂದೇ ದಿನ ಒಂದೇ ಆಜ್ಞೆ ಬಿದ್ದಿತು. ಅವುಗಳ ವಿಚಾರವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಸಭೆ ಸೇರುವ ಹಕ್ಕು ಸರಕಾರದ ಕೃಪೆಯಾಗಿ ಉಳಿದಾಗ ಯಾವ ಪಂಥವೂ ಸುರಕ್ಷಿತವಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಆಗ ರಾಷ್ಟ್ರಪತಿಗಳ ಆಜ್ಞೆಯಿಂದ 14, 21 ಮತ್ತು 22ನೆಯ ಅನುಚ್ಛೇದಗಳ ಜಾರಿಗಾಗಿ ನ್ಯಾಯಾಲಯದ ಮೊರೆ ಹೋಗುವ ಹಕ್ಕನ್ನು ತಡೆಹಿಡಿಯಲಾಗಿತ್ತು. 1976ರ ಜನವರಿಯಲ್ಲಿ 19ನೆಯದನ್ನೂ ಸೇರಿಸಲಾಯಿತು. ಧರ್ಮಸ್ವಾತಂತ್ರ್ಯದ 25ನೆಯ ಅನುಚ್ಛೇದವನ್ನು ಆ ಆಜ್ಞೆಗಳು ಹೆಸರಿಸಿರಲಿಲ್ಲ. ಆದರೆ ಕಾರಣ ಹೇಳದೆ ಬಂಧಿಸಬಹುದಾದ ದೇಶದಲ್ಲಿ, ಸಭೆ ಸೇರುವ ಹಕ್ಕೇ ಇಲ್ಲದ ಕಾಲದಲ್ಲಿ, ಧರ್ಮಸ್ವಾತಂತ್ರ್ಯವೊಂದೇ ಒಂಟಿಯಾಗಿ ನಿಂತು ಏನು ಮಾಡೀತು? ಬೆಂಗಳೂರಿನ ಕಾರಾಗೃಹದಲ್ಲಿ ರಾಷ್ಟ್ರದ ವಿರೋಧ ಪಕ್ಷಗಳ ನಾಯಕರು ಬಂಧಿತರಾಗಿದ್ದರು. ಕರ್ನಾಟಕವೂ ಸೇರಿದಂತೆ 9 ಉಚ್ಚ ನ್ಯಾಯಾಲಯಗಳು ಬಂಧಿತರ ಅರ್ಜಿಗಳನ್ನು ವಿಚಾರಿಸಬಹುದೆಂದು ಎತ್ತಿಹಿಡಿದ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತ ಬರೆದರು. ಆ ಬಹುಮತದ ತೀರ್ಪನ್ನು ಅದೇ ನ್ಯಾಯಾಲಯವು 2017ರಲ್ಲಿ ರದ್ದುಗೊಳಿಸಿದೆ.

ಈ ಪಾಠದಿಂದ 1978ರ 44ನೆಯ ತಿದ್ದುಪಡಿ ಬಂದಿತು. ಆಂತರಿಕ ಕ್ಷೋಭೆ ಎಂಬ ಸಡಿಲ ಮಾತಿನ ಸ್ಥಾನದಲ್ಲಿ ಸಶಸ್ತ್ರ ಬಂಡಾಯ ಎಂಬ ಮಾತು ಬಂದಿತು. ಘೋಷಣೆಗೆ ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕೆಂದಾಯಿತು. 20 ಮತ್ತು 21ನೆಯ ಅನುಚ್ಛೇದಗಳನ್ನು ಯಾವ ತುರ್ತಿನಲ್ಲಿಯೂ ತಡೆಹಿಡಿಯಕೂಡದೆಂದು ವಿಧಿಸಲಾಯಿತು. ಆದರೆ ಈ ಅಭಯದ ಪಟ್ಟಿಯಲ್ಲಿ 25 ಇಲ್ಲ. ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 4ನೆಯ ಅನುಚ್ಛೇದವು, ರಾಷ್ಟ್ರದ ಜೀವಕ್ಕೇ ಅಪಾಯ ಒದಗಿದರೂ ವಿಚಾರ, ಅಂತಃಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಅಮಾನತ್ತಿನಲ್ಲಿಡಬಾರದೆನ್ನುತ್ತದೆ. ಆಚರಣೆಯ ಮೇಲೆ ಆರೋಗ್ಯ, ಸುರಕ್ಷತೆಗಳಿಗೆ ಅವಶ್ಯವಾದ ನಿರ್ಬಂಧಗಳನ್ನು ಮಾತ್ರ ಅದು ಒಪ್ಪುತ್ತದೆ. ಭಾರತವು 1979ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸಿದೆ. ಹೊರಗೆ ಒಪ್ಪಿಕೊಂಡ ಮಾತನ್ನು ಸಂವಿಧಾನದ 359ನೆಯ ಅನುಚ್ಛೇದದಲ್ಲಿಯೂ ಬರೆದುಕೊಳ್ಳುವುದು ನ್ಯಾಯ. ನಿರ್ಬಂಧಿಸಲು 25ರ ಒಳಗೇ ಸಾಕಷ್ಟು ಅವಕಾಶವಿರುವಾಗ ಅದನ್ನು ಪೂರ್ತಿ ತಡೆಹಿಡಿಯುವ ಅಧಿಕಾರ ಯಾವ ಸರಕಾರಕ್ಕೂ ಬೇಕಾಗಿಲ್ಲ.

ಹಳೆಯ ಕಾಯಿದೆ, ಹೊಸ ರೋಗ

ಎರಡನೆಯ ಬಗೆಯ ಆಪತ್ತಿನಲ್ಲಿ ಕೆಲಸ ಮಾಡುವ ಕಾಯಿದೆಗಳನ್ನು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂಬಯಿ ಪ್ರಾಂತದಲ್ಲಿ ಪ್ಲೇಗು ಹಬ್ಬಿದಾಗ ಬ್ರಿಟಿಷ್ ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಅವಸರದಿಂದ ತಂದಿತು. ಅದರಲ್ಲಿ ಇದ್ದುದು ಕೇವಲ 4 ಕಲಮುಗಳು. ಸರಕಾರಕ್ಕೆ ಬೇಕೆನಿಸಿದ ಕ್ರಮ ಕೈಗೊಳ್ಳುವ ಅಧಿಕಾರ, ಮೀರಿದವರಿಗೆ ಶಿಕ್ಷೆ, ಸದ್ಭಾವನೆಯಿಂದ ನಡೆದ ಅಧಿಕಾರಿಗೆ ರಕ್ಷಣೆ: ಇಷ್ಟೇ ಅದರ ಸಾರ. ಅಧಿಕಾರಿಗೆ ರಕ್ಷಣೆಯಿತ್ತು, ಪ್ರಜೆಗೆ ಇರಲಿಲ್ಲ. ಹುಬ್ಬಳ್ಳಿ, ಬೆಂಗಳೂರುಗಳೂ ಆ ಪ್ಲೇಗಿನಿಂದ ನಲುಗಿದವು. ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಿನ ಅಮ್ಮನಿಗೆ ಪೂಜೆ ಸಲ್ಲುತ್ತಿರುವುದು ಜನರು ಭಯದ ಕಾಲದಲ್ಲಿ ದೇವರೆದುರು ಕೂಡಲು ಬಯಸುತ್ತಾರೆಂಬುದಕ್ಕೆ ಸಾಕ್ಷಿ.

2005ರ ವಿಪತ್ತು ನಿರ್ವಹಣಾ ಕಾಯಿದೆ ಹೆಚ್ಚು ವಿಸ್ತಾರವಾದದ್ದು. 2020ರ ಆಜ್ಞೆಗಳು ಮುಖ್ಯವಾಗಿ ಇದರ ಮೇರೆಗೆ ಹೊರಟವು. ಪರಿಹಾರ ಮತ್ತು ನೆರವು ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಕಾರಣದಿಂದ ಭೇದ ಮಾಡಬಾರದೆಂದು ಇದರ 61ನೆಯ ಕಲಮು ಹೇಳುತ್ತದೆ. ಇದು ಉತ್ತಮ ವಿಧಿ. ಆದರೆ ಕೊಡುವಾಗ ಭೇದ ಬೇಡವೆನ್ನುವ ಈ ಕಾಯಿದೆಯು ನಿರ್ಬಂಧಿಸುವಾಗಲೂ ಭೇದ ಬೇಡವೆಂದು ಎಲ್ಲಿಯೂ ಹೇಳಿಲ್ಲ. ಆಜ್ಞೆಗೆ ಕಾರಣ ಬರೆಯಬೇಕು, ಅವಧಿ ಮುಗಿದಾಗ ಪುನರ್ವಿಮರ್ಶೆಯಾಗಬೇಕು, ಶಾಸನಸಭೆಯ ಒಪ್ಪಿಗೆ ಬೇಕು ಎಂಬ ನಿಯಮಗಳೂ ಅದರಲ್ಲಿಲ್ಲ. ಯುದ್ಧಕಾಲದ ತುರ್ತು ಪರಿಸ್ಥಿತಿಗೆ ಸಂಸತ್ತಿನ ಕಡಿವಾಣವಿದೆ. ರೋಗಕಾಲದ ನಿರ್ಬಂಧಕ್ಕೆ ಅದಿಲ್ಲ. ಇದೊಂದು ವಿಪರ್ಯಾಸ.

ಈ ಕೊರತೆಯ ಫಲವನ್ನು 2020ರ ಆಜ್ಞೆಗಳಲ್ಲಿಯೇ ಕಾಣಬಹುದು. ಮಾರ್ಚ್ 24ರ ಆಜ್ಞೆಯಲ್ಲಿ ಶವಸಂಸ್ಕಾರಕ್ಕೆ 20 ಜನರಿಗೆ ಅನುಮತಿಯಿತ್ತು. ಮೇ 1ರ ಆಜ್ಞೆಯಲ್ಲಿ ಮದುವೆಗೆ 50 ಅತಿಥಿಗಳಿಗೆ ಅನುಮತಿ ದೊರೆಯಿತು. ಮೇ 4ರಿಂದ ಮದ್ಯದ ಅಂಗಡಿಗಳು ತೆರೆದವು. ಒಮ್ಮೆಗೆ 5 ಜನರು ಮೀರಬಾರದೆಂದು ನಿಯಮ ಮಾಡಲಾಯಿತು. ಪೂಜಾಸ್ಥಳಕ್ಕೆ ಮಾತ್ರ 20 ಇಲ್ಲ, 50 ಇಲ್ಲ, 5 ಕೂಡ ಇಲ್ಲ. ಇದನ್ನು ಧರ್ಮದ್ವೇಷವೆನ್ನುವುದು ತಪ್ಪಾದೀತು. ಉಪಾಹಾರ ಗೃಹಗಳೂ ದೊಡ್ಡ ಮಾರಾಟ ಮಳಿಗೆಗಳೂ ಆಗ ಮುಚ್ಚಿಯೇ ಇದ್ದವು, ಮತ್ತು ಅವುಗಳೊಂದಿಗೇ ಪೂಜಾಸ್ಥಳಗಳೂ ಜೂನ್ 8ರಿಂದ ತೆರೆಯಲು ಕೇಂದ್ರ ಸರಕಾರ ಅವಕಾಶ ಕೊಟ್ಟಿತು. ಅಂಗಡಿಯಲ್ಲಿ ಕ್ಷಣಹೊತ್ತು ನಿಲ್ಲುವುದಕ್ಕೂ, ಮುಚ್ಚಿದ ಸಭಾಗೃಹದಲ್ಲಿ ವೃದ್ಧರು ಗಂಟೆಗಟ್ಟಲೆ ಕುಳಿತು ಹಾಡುವುದಕ್ಕೂ ಅಪಾಯದಲ್ಲಿ ಅಂತರವಿದೆಯೆಂಬುದೂ ನಿಜ. ಆದರೆ ಆ ಅಂತರವನ್ನು ಅಳೆದು ಬರೆದು ತೋರಿಸುವ ಹೊಣೆ ಆಜ್ಞೆ ಮಾಡುವವರ ಮೇಲಿರಬೇಕಾಗಿತ್ತು. ಬೀಗ ತೆರೆಯದೆ, ವಿಶಾಲ ಅಂಗಳದಲ್ಲಿ ದೂರ ದೂರ ಕುಳಿತು 10 ಜನರು ಪ್ರಾರ್ಥಿಸಿದರೆ ಏನು ಬಾಧಕ ಎಂಬ ಪ್ರಶ್ನೆಗೆ ಉತ್ತರ ಆಜ್ಞೆಯಲ್ಲಿ ಇರಲಿಲ್ಲ.

ಪೂಜಾಸ್ಥಳಗಳನ್ನು ತೆರೆಯುವಾಗ ಆರೋಗ್ಯ ಮಂತ್ರಾಲಯವು ಹೊರಡಿಸಿದ ನಿಯಮಗಳು ಇದಕ್ಕಿಂತ ವಿವೇಕದವು. ಪ್ರಸಾದ ಹಂಚುವುದು, ತೀರ್ಥ ಸಿಂಪಡಿಸುವುದು, ಸಾಮೂಹಿಕ ಗಾಯನ ಇವುಗಳನ್ನು ಅದು ತಡೆಯಿತು; ಸಾಮೂಹಿಕ ಅಡುಗೆಮನೆ ಮತ್ತು ಅನ್ನದಾನಗಳನ್ನು ನಿಲ್ಲಿಸದೆ, ಬೇಯಿಸುವಾಗಲೂ ಬಡಿಸುವಾಗಲೂ ಅಂತರ ಕಾಯಬೇಕೆಂದಷ್ಟೇ ವಿಧಿಸಿತು. ಅಪಾಯದ ಅಂಶವನ್ನು ಮಾತ್ರ ಕತ್ತರಿಸಿ ಉಳಿದುದನ್ನು ಬಿಡುವ ಈ ರೀತಿ ಎಲ್ಲ ಆಜ್ಞೆಗಳಿಗೂ ಮಾದರಿಯಾಗಬೇಕು.

ನ್ಯಾಯಾಲಯಗಳು ಕಂಡ ದಾರಿ

ಈ ಸಮಸ್ಯೆ ಭಾರತದ್ದಷ್ಟೇ ಆಗಿರಲಿಲ್ಲ. ಜರ್ಮನಿಯ ಸಂವಿಧಾನ ನ್ಯಾಯಾಲಯವು 2020ರ ಏಪ್ರಿಲ್ 10ರಂದು ಈಸ್ಟರ್ ಹಬ್ಬದ ಆರಾಧನೆಗೆ ಅನುಮತಿ ಕೊಡಲು ಒಪ್ಪಲಿಲ್ಲ. ರೋಗದ ಸ್ವರೂಪ ಆಗಿನ್ನೂ ತಿಳಿದಿರಲಿಲ್ಲ. ಆದರೆ ಅದೇ ತಿಂಗಳ 29ರಂದು, ರಂಜಾನ್ ಮಾಸದಲ್ಲಿ ಮುಸ್ಲಿಂ ಸಂಘವೊಂದು ಮೊರೆಯಿಟ್ಟಾಗ, ವಿನಾಯಿತಿ ಕೇಳುವುದಕ್ಕೇ ಎಡೆಯಿಲ್ಲದ ಸಾರಾಸಗಟು ನಿಷೇಧ ಸಲ್ಲದು, ಒಂದೊಂದು ಕೋರಿಕೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂದಿತು. ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯವು ಮೇ 18ರಂದು, ಸಾರ್ವಜನಿಕ ಸ್ಥಳಗಳಲ್ಲಿ 10 ಜನರು ಸೇರಬಹುದಾಗಿರುವಾಗ ಪೂಜಾಸ್ಥಳಗಳಲ್ಲಿ ಸಂಪೂರ್ಣ ನಿಷೇಧವೇಕೆಂದು ಆಕ್ಷೇಪಿಸಿ, 8 ದಿನಗಳೊಳಗೆ ಅದನ್ನು ಬದಲಾಯಿಸಲು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ, ಚಿಕ್ಕ ಗುಡಿಗೂ ದೊಡ್ಡ ಪ್ರಧಾನಾಲಯಕ್ಕೂ ಒಂದೇ ಅಳತೆಯಾಗಿ 30 ಜನರ ಮಿತಿ ಹಾಕಿದ್ದನ್ನೂ ಅದು ಒಪ್ಪಲಿಲ್ಲ.

ಅಮೆರಿಕದಲ್ಲಿ 2020ರ ಮೇ 29ರಂದು ಸರ್ವೋಚ್ಚ ನ್ಯಾಯಾಲಯವು ಕ್ಯಾಲಿಫೋರ್ನಿಯದ ಚರ್ಚೊಂದರ ಕೋರಿಕೆಯನ್ನು 5-4ರ ಬಹುಮತದಿಂದ ತಳ್ಳಿಹಾಕಿತು. ನವೆಂಬರ್ 25ರಂದು ನ್ಯೂಯಾರ್ಕಿನ ಪ್ರಕರಣದಲ್ಲಿ, ಅವಶ್ಯಕವೆಂದು ಹೆಸರಿಸಿದ ಅಂಗಡಿಗಳಿಗೆ ಸಂಖ್ಯೆಯ ಮಿತಿಯಿಲ್ಲದಿರುವಾಗ ಪ್ರಾರ್ಥನಾ ಮಂದಿರಗಳಿಗೆ ಮಾತ್ರ 10 ಮತ್ತು 25ರ ಮಿತಿ ಹಾಕಿದ್ದನ್ನು ಅದೇ ನ್ಯಾಯಾಲಯ ತಡೆಹಿಡಿಯಿತು. ನಡುವೆ ನ್ಯಾಯಾಧೀಶರಲ್ಲಿ ಒಬ್ಬರು ಬದಲಾಗಿದ್ದುದು ಈ ವ್ಯತ್ಯಾಸಕ್ಕೆ ದೊಡ್ಡ ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಹಕ್ಕಿನ ಎಲ್ಲೆಯನ್ನು ಶಾಸನವು ಮೊದಲೇ ಗೊತ್ತುಪಡಿಸದಿದ್ದರೆ ಅದು ನ್ಯಾಯಪೀಠದ ಸಂಖ್ಯಾಬಲವನ್ನು ಅವಲಂಬಿಸುತ್ತದೆ ಎಂಬುದಕ್ಕೆ ಇದು ನಿದರ್ಶನ. ಸ್ಕಾಟ್ಲೆಂಡಿನಲ್ಲಿಯೂ 2021ರ ಮಾರ್ಚಿನಲ್ಲಿ ಪೂಜಾಸ್ಥಳಗಳನ್ನು ಪೂರ್ತಿ ಮುಚ್ಚಿದ್ದು ಪ್ರಮಾಣ ಮೀರಿದ ಕ್ರಮವೆಂದು ತೀರ್ಪಾಯಿತು.

ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪುರಿ ಜಗನ್ನಾಥನ ರಥಯಾತ್ರೆಯ ಪ್ರಕರಣ ಬಹಳ ಬೋಧಪ್ರದವಾದದ್ದು. 2020ರ ಜೂನ್ 18ರಂದು ನ್ಯಾಯಾಲಯ ಆ ವರ್ಷದ ಯಾತ್ರೆಯನ್ನು ತಡೆಯಿತು. ಜೂನ್ 22ರಂದು, ಜನಸ್ತೋಮವಿಲ್ಲದೆ ರಥವೆಳೆಯುವ ಯೋಜನೆ ಮುಂದೆ ಬಂದಾಗ, ತನ್ನ ಆದೇಶವನ್ನು ತಾನೇ ಮಾರ್ಪಡಿಸಿತು. ಪ್ರತಿಯೊಂದು ರಥಕ್ಕೆ 500ಕ್ಕಿಂತ ಹೆಚ್ಚು ಜನರಿರಬಾರದು, ಎಳೆಯುವವರೆಲ್ಲರ ಪರೀಕ್ಷೆಯಾಗಿರಬೇಕು, ಒಂದು ರಥಕ್ಕೂ ಇನ್ನೊಂದಕ್ಕೂ ಒಂದು ಗಂಟೆಯ ಅಂತರವಿರಬೇಕು, ನಗರದಲ್ಲಿ ಸಂಚಾರ ನಿಷೇಧವಿರಬೇಕು ಎಂಬ ನಿಬಂಧನೆಗಳೊಂದಿಗೆ ಮರುದಿನ ರಥ ಸಾಗಿತು. ಆಗಲಿ ಅಥವಾ ಆಗದು ಎಂಬ ಎರಡೇ ಉತ್ತರಗಳ ನಡುವೆ, ಹೀಗಾದರೆ ಆಗಬಹುದು ಎಂಬ ಮೂರನೆಯ ಉತ್ತರವಿದೆಯೆಂಬುದನ್ನು ಈ ಆದೇಶ ತೋರಿಸಿಕೊಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ, ಮಹಾರಾಷ್ಟ್ರದಲ್ಲಿ ಮಾರಾಟ ಮಳಿಗೆಗಳು ತೆರೆದಿದ್ದು ಗುಡಿಗಳು ಮುಚ್ಚಿದ್ದಾಗ, ಮುಂಬಯಿಯ 3 ಜೈನ ಬಸದಿಗಳಲ್ಲಿ ಪರ್ಯುಷಣದ ಕೊನೆಯ ದಿನಗಳ ಪೂಜೆಗೆ ನ್ಯಾಯಾಲಯ ಅನುಮತಿ ನೀಡಿತು. ಮುಂದೆ 2021ರ ಜುಲೈನಲ್ಲಿ, ಎರಡನೆಯ ಅಲೆಯ ಸಾವುನೋವುಗಳ ಬಳಿಕ, ಉತ್ತರ ಪ್ರದೇಶದ ಕಾವಡಿ ಯಾತ್ರೆಯ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು, ಜೀವಿಸುವ ಹಕ್ಕಿನ ಮುಂದೆ ಧಾರ್ಮಿಕ ಭಾವನೆಗಳು ಎರಡನೆಯ ಸ್ಥಾನದವೆಂದು ಹೇಳಿತು. ಈ ಮೂರೂ ತೀರ್ಮಾನಗಳಲ್ಲಿ ವಿರೋಧವಿಲ್ಲ. ಅಪಾಯ ಎಷ್ಟು, ತಡೆಯುವ ದಾರಿ ಯಾವುದು ಎಂಬುದನ್ನು ನೋಡಿಯೇ ಮೂರನ್ನೂ ಕೊಡಲಾಯಿತು.

ಸಮಾನತೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ವಿಚಾರ ಪೂರ್ಣವಾಗದು. 2020ರ ಮಾರ್ಚಿನಲ್ಲಿ ದಿಲ್ಲಿಯ ನಿಜಾಮುದ್ದೀನಿನಲ್ಲಿ ನಡೆದ ತಬ್ಲೀಗಿ ಜಮಾತಿನ ಸಭೆಯಿಂದ ರೋಗ ಹಲವು ರಾಜ್ಯಗಳಿಗೆ ಹಬ್ಬಿತು. ಅದು ಆ ಸಭೆ ನಡೆಸಿದವರ ಅವಿವೇಕ. ಆದರೆ ಅದನ್ನು ಹಿಡಿದು ಇಡೀ ಒಂದು ಸಮುದಾಯವನ್ನೇ ರೋಗಕ್ಕೆ ಹೊಣೆ ಮಾಡಿದ ಮಾತುಗಳು ನಾಡಿನಾದ್ಯಂತ ಕೇಳಿಬಂದವು. ಆಗಸ್ಟ್ 21ರಂದು ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಆ ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆಂದು ಆಕ್ಷೇಪಿಸಿತು. ಮುಂದಿನ ವರ್ಷ ಹರಿದ್ವಾರದ ಕುಂಭಮೇಳದಲ್ಲಿ, ಎರಡನೆಯ ಅಲೆ ಏರುತ್ತಿದ್ದ ಏಪ್ರಿಲಿನಲ್ಲಿಯೇ, ಲಕ್ಷಾಂತರ ಜನರು ಸೇರಿದರು. ಒಂದು ಸಭೆಗೆ ಮೊಕದ್ದಮೆ, ಇನ್ನೊಂದಕ್ಕೆ ವ್ಯವಸ್ಥೆ ಎಂಬಂತಾದರೆ ಕಾನೂನಿನ ಮೇಲಿನ ಗೌರವ ಉಳಿಯುವುದಿಲ್ಲ. ಆಜ್ಞೆ ಕಠಿಣವಾಗಿದ್ದರೂ ಜನ ಸಹಿಸುತ್ತಾರೆ, ಪಕ್ಷಪಾತವನ್ನು ಸಹಿಸುವುದಿಲ್ಲ.

ಆಗಬೇಕಾದದ್ದು

ಇಷ್ಟರ ಮೇಲೆ ರಕ್ಷಣೆಯ ಸ್ವರೂಪವನ್ನು ಹೀಗೆ ಹೇಳಬಹುದು. ಧರ್ಮಸಭೆಗೆ ಬೇಕಾಗಿರುವುದು ವಿನಾಯಿತಿಯಲ್ಲ, ನ್ಯಾಯ. ತನ್ನ ಪ್ರಾಣವನ್ನು ಪಣವಿಡಲು ಭಕ್ತನು ಸಿದ್ಧನಿರಬಹುದು. ಆದರೆ ಸಾಂಕ್ರಾಮಿಕ ರೋಗದಲ್ಲಿ ಅವನು ಪಣವಿಡುವುದು ಜಾತ್ರೆಗೆ ಬಾರದ ನೆರೆಮನೆಯ ವೃದ್ಧೆಯ ಪ್ರಾಣವನ್ನು ಕೂಡ. ಆ ಅಧಿಕಾರವನ್ನು ಯಾವ ಧರ್ಮವೂ ಕೊಟ್ಟಿಲ್ಲ. ಆದುದರಿಂದ ಎಲ್ಲ ಕಾಲಕ್ಕೂ ಎಲ್ಲ ಧರ್ಮಸಭೆಗೂ ಬಾಗಿಲು ತೆರೆದಿರಲೇಬೇಕೆಂಬ ಕಾಯಿದೆಯನ್ನು ಬೇಡುವುದು ಧರ್ಮಕ್ಕೂ ಒಪ್ಪದು, ವಿವೇಕಕ್ಕೂ ಒಪ್ಪದು.

ವಿಪತ್ತು ಮತ್ತು ಸಾಂಕ್ರಾಮಿಕ ರೋಗಗಳ ಕಾಯಿದೆಗಳಲ್ಲಿ ಕೆಲವು ಅಂಶಗಳನ್ನು ಸ್ಪಷ್ಟವಾಗಿ ಸೇರಿಸಬೇಕು. ಮೊದಲನೆಯದಾಗಿ, ಪೂಜಾಸ್ಥಳವನ್ನು ಮುಚ್ಚುವ ಅಥವಾ ಸಭೆಯನ್ನು ತಡೆಯುವ ಪ್ರತಿ ಆಜ್ಞೆಯಲ್ಲಿಯೂ ಕಾರಣವನ್ನು ಬರೆದು ಪ್ರಕಟಿಸಬೇಕು. ಎರಡನೆಯದಾಗಿ, ಅಷ್ಟೇ ಜನ, ಅಷ್ಟೇ ಹೊತ್ತು, ಅಂಥದೇ ಸ್ಥಳದಲ್ಲಿ ಸೇರುವ ಲೌಕಿಕ ಸಭೆಗೆ ಇಲ್ಲದ ನಿರ್ಬಂಧ ಧರ್ಮಸಭೆಗೂ ಇರಬಾರದು; ಒಂದು ಧರ್ಮಕ್ಕೆ ಇಲ್ಲದ್ದು ಇನ್ನೊಂದಕ್ಕೂ ಇರಬಾರದು. ಮೂರನೆಯದಾಗಿ, ಆಜ್ಞೆಯ ಅವಧಿ ಕಿರಿದಾಗಿದ್ದು, ಮುಂದುವರಿಸಬೇಕಾದರೆ ಹೊಸ ವೈದ್ಯಕೀಯ ಅಭಿಪ್ರಾಯವನ್ನು ಪಡೆಯಬೇಕು; ದೀರ್ಘಕಾಲ ನಡೆದರೆ ವಿಧಾನಸಭೆಯ ಮುಂದೆ ಇಡಬೇಕು. ನಾಲ್ಕನೆಯದಾಗಿ, ಸುರಕ್ಷಿತ ಯೋಜನೆಯೊಂದಿಗೆ ಬಂದ ಸಂಸ್ಥೆಗೆ ಜಿಲ್ಲಾಧಿಕಾರಿಗಳ ಬಳಿ ವಿನಾಯಿತಿ ಕೇಳುವ ದಾರಿಯಿರಬೇಕು. ಉತ್ತರ ಇಷ್ಟು ದಿನಗಳೊಳಗೆ ಎಂದು ಗೊತ್ತಾಗಿರಬೇಕು. ಐದನೆಯದಾಗಿ, ದಾಸೋಹ, ಲಂಗರು, ಅನ್ನಛತ್ರಗಳನ್ನು ಅವಶ್ಯಕ ಸೇವೆಯೆಂದು ಎಣಿಸಬೇಕು. 2020ರ ಬೇಸಿಗೆಯಲ್ಲಿ ಕೂಲಿಕಾರರು ನೂರಾರು ಮೈಲಿ ನಡೆದು ಊರಿಗೆ ಮರಳುತ್ತಿದ್ದಾಗ ಮಠಗಳೂ ಗುರುದ್ವಾರಗಳೂ ಮಸೀದಿ ಇಗರ್ಜಿಗಳೂ ಹಸಿದವರಿಗೆ ಅನ್ನವಿಕ್ಕಿದ್ದನ್ನು ನಾಡು ಕಂಡಿದೆ.

ಇಂಥ ನಿಯಮಗಳು ಆಡಳಿತದ ಕೈ ಕಟ್ಟುತ್ತವೆಂಬ ಆಕ್ಷೇಪ ಬರಬಹುದು. ಪ್ರವಾಹ ಬಂದಾಗ ಕಾರಣ ಬರೆಯುತ್ತ ಕೂರಲಾದೀತೇ ಎಂದು ಕೇಳಬಹುದು. ಮೊದಲ ದಿನಗಳ ಮಟ್ಟಿಗೆ ಈ ಮಾತು ಸರಿ. ಆಗ ನ್ಯಾಯಾಲಯಗಳೂ ಸರಕಾರದ ಮಾತನ್ನು ನಂಬಿ ನಡೆಯುವುದು ಯುಕ್ತವೇ. ಆದರೆ ಮೊದಲ ದಿನದ ಅವಸರ ನೂರನೆಯ ದಿನಕ್ಕೂ ಸಮರ್ಥನೆಯಾಗಬಾರದು. ಸಭೆ ನಿಷೇಧದ ಆಜ್ಞೆಗಳಿಗೆ ಕಾರಣ ಬೇಕು, ಪ್ರಮಾಣ ಬೇಕು ಎಂಬುದು ಹೊಸ ಬೇಡಿಕೆಯೂ ಅಲ್ಲ. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಶ್ಮೀರದ ಪ್ರಕರಣದಲ್ಲಿ 144ನೆಯ ಕಲಮಿನ ಆಜ್ಞೆಗಳ ಬಗ್ಗೆ ಇದನ್ನೇ ಹೇಳಿತ್ತು. ಮುಂದಿನ ತಿಂಗಳು ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನಲ್ಲಿ 2019ರ ಡಿಸೆಂಬರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನಿಗೆ ಅನುಗುಣವಲ್ಲವೆಂದು ಸಾರಿತು. ಆ 144ನೆಯ ಕಲಮಿನ ಸ್ಥಾನಕ್ಕೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮು ಬಂದಿದೆ. ಅಂಕಿ ಬದಲಾದರೂ ತತ್ವ ಬದಲಾಗಿಲ್ಲ.

ಸಂಸ್ಥೆಗಳ ಹೊಣೆ

ಕಾನೂನಿನಿಂದ ನ್ಯಾಯ ಬಯಸುವವರು ತಾವೂ ನ್ಯಾಯವಾಗಿ ನಡೆಯಬೇಕು. 2020ರಲ್ಲಿ ತಿರುಮಲದ ಆಡಳಿತವು ದೇಶವ್ಯಾಪಿ ಆಜ್ಞೆ ಬರುವ ಮುನ್ನವೇ ಮಾರ್ಚ್ 20ರಿಂದ ಭಕ್ತರ ದರ್ಶನವನ್ನು ನಿಲ್ಲಿಸಿತು. ಆ ತಿಂಗಳ 27ರಂದು ರೋಮಿನ ಪೋಪರು ಜನರಿಲ್ಲದ ಬಯಲಿನಲ್ಲಿ ನಿಂತು ಆಶೀರ್ವದಿಸಿದರು. ಆ ವರ್ಷದ ಹಜ್ ಯಾತ್ರೆ ಸೌದಿ ಅರೇಬಿಯದೊಳಗೇ ಇದ್ದ ಕೆಲವೇ ಜನರಿಗೆ ಸೀಮಿತವಾಯಿತು. ಪಂಢರಪುರಕ್ಕೆ ಸಂತರ ಪಾದುಕೆಗಳು ವಾಹನದಲ್ಲಿ ಬಂದವು, ವಾರಕರಿಗಳು ಮನೆಯಲ್ಲಿ ಉಳಿದರು. ಇವುಗಳಿಂದ ಯಾವ ಧರ್ಮಕ್ಕೂ ಊನ ಬರಲಿಲ್ಲ. ಹಾಗೆ ಸ್ವಯಂಪ್ರೇರಣೆಯಿಂದ ನಿಲ್ಲಿಸಿದವರ ಮಾತಿಗೆ, ಮುಂದೆ ತೆರೆಯಬೇಕೆಂದು ಕೇಳುವಾಗ ಹೆಚ್ಚಿನ ತೂಕವಿರುತ್ತದೆ.

ಈ ದೃಷ್ಟಿಯಿಂದ ಲಿಂಗಾಯತ ಮಠಗಳ ಸ್ಥಾನ ವಿಶಿಷ್ಟವಾದದ್ದು. ದೇವರನ್ನು ಅಂಗೈಯಲ್ಲಿಟ್ಟುಕೊಂಡ ಸಮಾಜಕ್ಕೆ ಗುಡಿಯ ಬಾಗಿಲು ಮುಚ್ಚಿದರೆ ಪೂಜೆ ನಿಲ್ಲುವುದಿಲ್ಲ. ಆದುದರಿಂದ ನಿರ್ಬಂಧವನ್ನು ಪಾಲಿಸುವುದು ಅದಕ್ಕೆ ಉಳಿದವರಿಗಿಂತ ಸುಲಭ. ಈ ಸೌಲಭ್ಯವೇ ಒಂದು ಕರ್ತವ್ಯವನ್ನೂ ತರುತ್ತದೆ. ಸ್ವಂತ ಲಾಭವಿಲ್ಲದೆ, ಕೂಡಿಯೇ ಪ್ರಾರ್ಥಿಸಬೇಕಾದ ಇತರ ಧರ್ಮದವರ ಪರವಾಗಿಯೂ ನ್ಯಾಯವಾದ ಕಾನೂನನ್ನು ಕೇಳುವ ನೈತಿಕ ಅಧಿಕಾರ ಈ ಪರಂಪರೆಗೆ ಇದೆ. ತನ್ನ ಜಾತ್ರೆಗೆ ಅನುಮತಿ ದೊರೆತರೆ ಸಾಕೆಂದು ಸುಮ್ಮನಾಗುವುದು ಸುಲಭ. ನೆರೆಯವನ ನಮಾಜಿಗೂ ಅದೇ ಅಳತೆ ಇರಲೆನ್ನುವುದು ಕಠಿಣ. ಸಕಲ ಜೀವಾತ್ಮರ ಲೇಸನ್ನು ಬಯಸಿದ ಶರಣರ ಹೆಸರು ಹೇಳುವವರು ಎರಡನೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಇದರಲ್ಲಿ ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಪಾತ್ರವೂ ಸಣ್ಣದಲ್ಲ. ಮೂಲಭೂತ ಹಕ್ಕುಗಳ ಪಾಠವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿಸುವ ಬದಲು, 1975ರಲ್ಲಿ ಏನಾಯಿತು, 2020ರಲ್ಲಿ ಏನಾಯಿತು, ಎರಡಕ್ಕೂ ಇರುವ ಅಂತರವೇನು ಎಂದು ತರಗತಿಯಲ್ಲಿ ಚರ್ಚಿಸಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರೂ ವೈದ್ಯರೂ ಅಧಿಕಾರಿಗಳೂ ಆಗಿರುವವರು ಕೂಡಿ, ಜಾತ್ರೆ ದಾಸೋಹಗಳನ್ನು ರೋಗಕಾಲದಲ್ಲಿ ಹೇಗೆ ನಡೆಸಬೇಕು, ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬ ಯೋಜನೆಯನ್ನು ಈಗಲೇ ಬರೆದಿಡಬಹುದು. ದಾನಿಗಳು ಪ್ರಸಾದ ನಿಲಯಗಳಲ್ಲಿ ಗಾಳಿ ಬೆಳಕು, ನೀರು, ಚಿಕಿತ್ಸಾ ಕೊಠಡಿಗಳಿಗೆ ನೆರವಾದರೆ, ಮುಂದೊಮ್ಮೆ ಆಪತ್ತು ಬಂದಾಗ ಬಡ ವಿದ್ಯಾರ್ಥಿಗಳನ್ನು ಊರಿಗೆ ಕಳಿಸದೆ ಅಲ್ಲಿಯೇ ಸುರಕ್ಷಿತವಾಗಿ ಇರಿಸಿಕೊಳ್ಳಬಹುದು. ಇಂಥ ಸಿದ್ಧತೆಯೊಂದಿಗೆ ಹೋದ ಸಂಸ್ಥೆಗೆ ಅನುಮತಿ ನಿರಾಕರಿಸುವುದು ಯಾವ ಅಧಿಕಾರಿಗೂ ಸುಲಭವಾಗ

ದು, ನಿರಾಕರಿಸಿದರೂ ಕಾರಣ ಹೇಳಬೇಕಾದ ಭಾರ ಅವನ ಮೇಲೆಯೇ ಬೀಳುತ್ತದೆ. ಕಾನೂನು ತಿದ್ದುವ ಕೆಲಸ ಶಾಸಕರದು. ಆ ತಿದ್ದುಪಡಿಗೆ ಯೋಗ್ಯವಾದ ನಡತೆಯನ್ನು ಮೊದಲೇ ತೋರಿಸುವ ಕೆಲಸ ಮಠ, ಶಾಲೆ ಮತ್ತು ಅವುಗಳನ್ನು ಪ್ರೀತಿಸುವ ಎಲ್ಲರದು.